ವೆಸ್ಟ್ರೇ – ಪಾಪಾ ವೆಸ್ಟ್ರೇ ವಿಮಾನಮಾರ್ಗ

ವೆಸ್ಟ್ರೇ – ಪಾಪಾ ವೆಸ್ಟ್ರೇ ವಿಮಾನಮಾರ್ಗವು ಸ್ಕಾಟ್ಲೆಂಡಿನ ಉತ್ತರಕ್ಕಿರುವ ಓರ್ಕ್ನಿ ದ್ವೀಪಸಮೂಹದ ಎರಡು ಸಣ್ಣ ದ್ವೀಪಗಳನ್ನು ಜೋಡಿಸುವ ನಿಗದಿತ ಪ್ರಯಾಣಿಕ ವಿಮಾನಸೇವೆಯಾಗಿದೆ. ಇದು ಜಗತ್ತಿನ ಅತ್ಯಂತ ಚಿಕ್ಕ ನಿಗದಿತ ವಿಮಾನಯಾನವೆಂದು ಗಿನ್ನೆಸ್ ದಾಖಲೆಗಳಲ್ಲಿ ಸೇರಿದೆ. ಎರಡು ವಿಮಾನ ನಿಲ್ದಾಣಗಳ ನಡುವಿನ ದೂರ ಸುಮಾರು 2.7 ಕಿ.ಮೀ. (1.7 ಮೈಲಿ). ವೇಳಾಪಟ್ಟಿಯ ಪ್ರಕಾರ ಪ್ರಯಾಣಕ್ಕೆ ಎರಡು ನಿಮಿಷ. ವಿಮಾನವು ಆಕಾಶದಲ್ಲಿ ಇರುವುದು ಸಾಮಾನ್ಯವಾಗಿ ಒಂದೂವರೆ ನಿಮಿಷ ಮಾತ್ರ. ಗಾಳಿ ಅನುಕೂಲವಾಗಿದ್ದಾಗ ಒಂದು ನಿಮಿಷಕ್ಕೂ ಕಡಿಮೆ ಅವಧಿಯಲ್ಲಿ ಈ ಹಾರಾಟ ಮುಗಿದದ್ದುಂಟು. ಲೋಗನ್‌ಏರ್ ಸಂಸ್ಥೆಯು 1967ರಿಂದ ಈ ಸೇವೆಯನ್ನು ನಡೆಸಿಕೊಂಡು ಬಂದಿದೆ.

ಈ ಮಾರ್ಗವು ಹೆಚ್ಚಾಗಿ ಒಂದು ಕುತೂಹಲದ ಸಂಗತಿಯಾಗಿ, ಸಾಮಾನ್ಯಜ್ಞಾನದ ಪ್ರಶ್ನೆಯಾಗಿ ಪರಿಚಿತವಾಗಿದೆ. ಆದರೆ ಇದು ದಾಖಲೆಗಾಗಿ ಹುಟ್ಟಿದ ಸೇವೆಯಲ್ಲ. ನೂರಕ್ಕಿಂತ ಕಡಿಮೆ ಜನರಿರುವ ಒಂದು ದ್ವೀಪದಲ್ಲಿ ಶಾಲೆ, ವೈದ್ಯಕೀಯ ನೆರವು ಮತ್ತು ಅಂಚೆ ಉಳಿದುಕೊಳ್ಳಬೇಕಾದರೆ ಅಲ್ಲಿಗೆ ಹೋಗಿಬರುವ ದಾರಿ ಇರಬೇಕೆಂಬ ಅಗತ್ಯದಿಂದ ಇದು ನಡೆಯುತ್ತಿದೆ.

ಭೌಗೋಳಿಕ ಹಿನ್ನೆಲೆ

ಓರ್ಕ್ನಿಯಲ್ಲಿ ಸುಮಾರು ಎಪ್ಪತ್ತು ದ್ವೀಪಗಳಿದ್ದು, ಇಪ್ಪತ್ತರಷ್ಟು ದ್ವೀಪಗಳಲ್ಲಿ ಮಾತ್ರ ಜನವಸತಿ ಇದೆ. ಇವುಗಳಲ್ಲಿ ದೊಡ್ಡದಕ್ಕೆ ಮೇನ್‌ಲ್ಯಾಂಡ್ ಎಂದು ಹೆಸರು. ಹೆಸರು ಮುಖ್ಯಭೂಮಿಯದಾದರೂ ಅದೂ ಒಂದು ದ್ವೀಪವೇ ಎಂಬುದನ್ನು ಓದುಗರು ಗಮನಿಸಬೇಕು. ಆಡಳಿತ ಕೇಂದ್ರವಾದ ಕರ್ಕ್‌ವಾಲ್ ಪಟ್ಟಣ ಇರುವುದು ಇಲ್ಲಿಯೇ. ವೆಸ್ಟ್ರೇ ಮತ್ತು ಪಾಪಾ ವೆಸ್ಟ್ರೇ ದ್ವೀಪಗಳು ಕರ್ಕ್‌ವಾಲ್‌ನಿಂದ ಉತ್ತರಕ್ಕೆ ನಲವತ್ತು ಕಿ.ಮೀ.ಗೂ ಹೆಚ್ಚು ದೂರದಲ್ಲಿ, ದ್ವೀಪಸಮೂಹದ ವಾಯವ್ಯ ಅಂಚಿನಲ್ಲಿವೆ. ಅವುಗಳಾಚೆ ಇರುವುದು ತೆರೆದ ಅಟ್ಲಾಂಟಿಕ್ ಸಾಗರ.

ವೆಸ್ಟ್ರೇಯ ವಿಸ್ತೀರ್ಣ ಸುಮಾರು 47 ಚದರ ಕಿ.ಮೀ. 2011ರ ಜನಗಣತಿಯಲ್ಲಿ ಅಲ್ಲಿ 588 ಜನರಿದ್ದರು. ಪಾಪಾ ವೆಸ್ಟ್ರೇ ಇನ್ನೂ ಚಿಕ್ಕದು: ವಿಸ್ತೀರ್ಣ ಸುಮಾರು 9 ಚದರ ಕಿ.ಮೀ., ಅದೇ ಜನಗಣತಿಯಲ್ಲಿ 90 ಜನ. ಸ್ಥಳೀಯರು ಇದನ್ನು ‘ಪಾಪೇ’ ಎಂದಷ್ಟೇ ಕರೆಯುತ್ತಾರೆ. ‘ಪಾಪಾರ್’ ಎಂಬುದು ನಾರ್ಸ್ ಜನರು ತಮಗಿಂತ ಮೊದಲು ಈ ದ್ವೀಪಗಳಲ್ಲಿ ನೆಲೆಸಿದ್ದ ಕ್ರೈಸ್ತ ಸನ್ಯಾಸಿಗಳಿಗೆ ಕೊಟ್ಟ ಹೆಸರು. ಪಾಪೇ ಎಂದರೆ ಆ ಸನ್ಯಾಸಿಗಳ ದ್ವೀಪ. ವೆಸ್ಟ್ರೇ ಎಂದರೆ ಪಶ್ಚಿಮದ ದ್ವೀಪ.

ಎರಡೂ ದ್ವೀಪಗಳನ್ನು ‘ಪಾಪಾ ಸೌಂಡ್’ ಎಂಬ ಕಿರಿದಾದ ಜಲಸಂಧಿ ಬೇರ್ಪಡಿಸುತ್ತದೆ. ಒಂದು ದಡದಲ್ಲಿ ನಿಂತರೆ ಇನ್ನೊಂದು ದಡದ ಮನೆಗಳು ಬರಿಗಣ್ಣಿಗೆ ಕಾಣುತ್ತವೆ. ಇಷ್ಟು ಹತ್ತಿರವಿದ್ದೂ ನಡುವೆ ಸೇತುವೆಯಿಲ್ಲ. ಕೆಲವೇ ನೂರು ಜನರ ಬಳಕೆಗಾಗಿ ತೆರೆದ ಸಾಗರದ ಅಲೆಗಳಿಗೆ ಒಡ್ಡಿಕೊಂಡ ನೀರಿನ ಮೇಲೆ ಸೇತುವೆ ಕಟ್ಟುವ ಖರ್ಚಿಗೆ ಹೋಲಿಸಿದರೆ, ಈಗಾಗಲೇ ಕರ್ಕ್‌ವಾಲ್‌ನಿಂದ ಬಂದ ವಿಮಾನವನ್ನು ಇನ್ನೆರಡು ನಿಮಿಷ ಮುಂದಕ್ಕೆ ಹಾರಿಸುವುದು ಬಹಳ ಅಗ್ಗ.

ದೂರವನ್ನು ಲೆಕ್ಕಹಾಕುವ ಬಗೆ

ಎರಡು ವಿಮಾನ ನಿಲ್ದಾಣಗಳ ನಡುವಿನ ದೂರವೆಂದರೆ ಸಾಮಾನ್ಯವಾಗಿ ಭೂಮಿಯ ಮೇಲ್ಮೈಯಲ್ಲಿ ಅವುಗಳ ನಡುವಿನ ಅತ್ಯಂತ ಹ್ರಸ್ವ ಮಾರ್ಗ. ಭೂಮಿಯ ಕೇಂದ್ರದ ಮೂಲಕ ಹಾದುಹೋಗುವ ಸಮತಲವು ಭೂಮಿಯ ಮೇಲ್ಮೈಯನ್ನು ಕತ್ತರಿಸಿದಾಗ ಉಂಟಾಗುವ ವೃತ್ತವನ್ನು ಮಹಾವೃತ್ತ ಎನ್ನುತ್ತಾರೆ. ಹ್ರಸ್ವ ಮಾರ್ಗವು ಈ ಮಹಾವೃತ್ತದ ಒಂದು ಕಂಸವಾಗಿರುತ್ತದೆ. ಸಾವಿರಾರು ಕಿ.ಮೀ. ದೂರದ ಮಾರ್ಗಗಳಲ್ಲಿ ಇದು ನಕಾಶೆಯ ಮೇಲೆ ಬಾಗಿದ ಗೆರೆಯಾಗಿ ಕಾಣುತ್ತದೆ. ಪ್ರಸ್ತುತ ಮಾರ್ಗವು ಎಷ್ಟು ಚಿಕ್ಕದೆಂದರೆ ಇಲ್ಲಿ ಭೂಮಿಯ ಗುಂಡುತನದ ಪ್ರಶ್ನೆಯೇ ಬರುವುದಿಲ್ಲ. ಶಾಲೆಯ ಭೂಗೋಳ ಪಾಠದಲ್ಲಿ ಕಲಿತ ಅಕ್ಷಾಂಶ–ರೇಖಾಂಶಗಳಿಂದಲೇ ಲೆಕ್ಕ ಮಾಡಬಹುದು. ವಿದ್ಯಾರ್ಥಿಗಳಿಗೆ ಇದೊಂದು ಒಳ್ಳೆಯ ಅಭ್ಯಾಸ.

ಎರಡೂ ನಿಲ್ದಾಣಗಳು ಸರಿಸುಮಾರು ಒಂದೇ ಅಕ್ಷಾಂಶದಲ್ಲಿವೆ: ಉತ್ತರಕ್ಕೆ 59 ಡಿಗ್ರಿ 21 ನಿಮಿಷ. ರೇಖಾಂಶದಲ್ಲಿ ಮಾತ್ರ ವ್ಯತ್ಯಾಸವಿದೆ. ವೆಸ್ಟ್ರೇ ನಿಲ್ದಾಣವು ಪಶ್ಚಿಮಕ್ಕೆ 2 ಡಿಗ್ರಿ 57 ನಿಮಿಷದಲ್ಲಿದ್ದರೆ, ಪಾಪಾ ವೆಸ್ಟ್ರೇ ನಿಲ್ದಾಣವು 2 ಡಿಗ್ರಿ 54 ನಿಮಿಷದಲ್ಲಿದೆ. ಅಂದರೆ ಅಂತರ ಸುಮಾರು ಮೂರು ನಿಮಿಷ (ಇಲ್ಲಿ ನಿಮಿಷವೆಂದರೆ ಕಾಲದ ಅಳತೆಯಲ್ಲ, ಡಿಗ್ರಿಯ ಅರುವತ್ತನೆಯ ಒಂದು ಭಾಗ). ಸಮಭಾಜಕ ವೃತ್ತದ ಮೇಲೆ ರೇಖಾಂಶದ ಒಂದು ನಿಮಿಷವು ಸುಮಾರು 1.85 ಕಿ.ಮೀ. ಉದ್ದವಿರುತ್ತದೆ. ಧ್ರುವದ ಕಡೆಗೆ ಹೋದಂತೆ ರೇಖಾಂಶಗಳು ಪರಸ್ಪರ ಹತ್ತಿರವಾಗುತ್ತ ಹೋಗುವುದರಿಂದ ಈ ಉದ್ದವನ್ನು ಅಕ್ಷಾಂಶದ ಕೊಸೈನ್‌ನಿಂದ ಗುಣಿಸಬೇಕು. 59 ಡಿಗ್ರಿ 21 ನಿಮಿಷದ ಕೊಸೈನ್ ಬೆಲೆ ಸುಮಾರು 0.51. ಆದ್ದರಿಂದ ಇಲ್ಲಿ ಒಂದು ನಿಮಿಷವೆಂದರೆ ಸುಮಾರು 0.95 ಕಿ.ಮೀ., ಮೂರು ನಿಮಿಷಗಳೆಂದರೆ ಸುಮಾರು 2.8 ಕಿ.ಮೀ. ಇದೇ ಎರಡು ರೇಖಾಂಶಗಳ ನಡುವಿನ ಅಂತರ ಸಮಭಾಜಕದ ಮೇಲಾದರೆ ಸುಮಾರು 5.6 ಕಿ.ಮೀ. ಆಗುತ್ತಿತ್ತು.

ಪ್ರಚಲಿತವಿರುವ ಸಂಖ್ಯೆ 2.7, ಲೆಕ್ಕದಿಂದ ಬಂದದ್ದು 2.8. ಇಂಥ ಸಣ್ಣ ವ್ಯತ್ಯಾಸಕ್ಕೆ ಕಾರಣ, ಅಳತೆಯನ್ನು ನಿಲ್ದಾಣದ ಯಾವ ಬಿಂದುವಿನಿಂದ ಆರಂಭಿಸಲಾಯಿತು ಎಂಬುದು. ನಿಲ್ದಾಣಕ್ಕೊಂದು ಅಧಿಕೃತ ಉಲ್ಲೇಖಬಿಂದು ಇರುತ್ತದೆ. ವಿಮಾನವು ನೆಲ ಬಿಡುವ ಸ್ಥಳ ಬೇರೆ, ನೆಲ ಮುಟ್ಟುವ ಸ್ಥಳ ಬೇರೆ. ಬೆಂಗಳೂರು–ದೆಹಲಿಯಂಥ ಮಾರ್ಗದಲ್ಲಿ ನೂರು ಮೀಟರು ಹೆಚ್ಚುಕಡಿಮೆಯಾದರೆ ಯಾರ ಗಮನಕ್ಕೂ ಬಾರದು. ಒಟ್ಟು ಹಾದಿಯೇ ಎರಡೂಮುಕ್ಕಾಲು ಕಿ.ಮೀ. ಆದಾಗ ಅದು ಎದ್ದು ಕಾಣುತ್ತದೆ. ಹೋಲಿಕೆಗಾಗಿ ಹೇಳುವುದಾದರೆ, ಎಡಿನ್‌ಬರೋ ವಿಮಾನ ನಿಲ್ದಾಣದ ಮುಖ್ಯ ರನ್‌ವೇ ಒಂದರ ಉದ್ದವೇ ಈ ಇಡೀ ಮಾರ್ಗಕ್ಕೆ ಹೆಚ್ಚುಕಡಿಮೆ ಸಮನಾಗಿದೆ.

ಪ್ರಯಾಣದ ಅವಧಿ

ದೂರವನ್ನು ವೇಗದಿಂದ ಭಾಗಿಸಿದರೆ ಕಾಲ ಸಿಗುತ್ತದೆ ಎಂಬುದು ಗಣಿತದ ಮಾತು. ವಿಮಾನಯಾನದಲ್ಲಿ ಇದು ಪೂರ್ತಿ ಸರಿಹೊಂದುವುದಿಲ್ಲ. ವಿಮಾನವು ನೆಲದ ಮೇಲೆ ಸಾಗಬೇಕು, ಓಡಬೇಕು, ಏರಬೇಕು, ಇಳಿಯಬೇಕು. ಈ ಹಂತಗಳಲ್ಲಿ ಅದರ ವೇಗ ಕಡಿಮೆ. ದೀರ್ಘ ಪ್ರಯಾಣದಲ್ಲಿ ಈ ನಷ್ಟ ಒಟ್ಟು ಲೆಕ್ಕದಲ್ಲಿ ಮುಚ್ಚಿಹೋಗುತ್ತದೆ. ಸಿಂಗಪುರ–ನ್ಯೂಯಾರ್ಕ್ ನೇರ ವಿಮಾನವು ಸುಮಾರು 15,300 ಕಿ.ಮೀ. ದೂರವನ್ನು ಹದಿನೆಂಟು ಗಂಟೆಗೂ ಮೀರಿದ ಅವಧಿಯಲ್ಲಿ ಕ್ರಮಿಸುತ್ತದೆ. ಸರಾಸರಿ ವೇಗ ಗಂಟೆಗೆ 800 ಕಿ.ಮೀ. ದಾಟುತ್ತದೆ. ವೆಸ್ಟ್ರೇಯಿಂದ ಪಾಪೇಗೆ 2.7 ಕಿ.ಮೀ.ಯನ್ನು 90 ಸೆಕೆಂಡುಗಳಲ್ಲಿ ಹಾರಿದರೆ ಸರಾಸರಿ ವೇಗ ಗಂಟೆಗೆ 108 ಕಿ.ಮೀ. ಮಾತ್ರ. ಹೆದ್ದಾರಿಯ ಕಾರಿನ ವೇಗವಿದು.

ದೂರ ಮತ್ತು ಅವಧಿಯನ್ನು ತಾನಾಗಿ ತಿಳಿಸುವ ಗಣಕಗಳು ಸಾಮಾನ್ಯವಾಗಿ ಗಂಟೆಗೆ 800 ಕಿ.ಮೀ. ಆಸುಪಾಸಿನ ವೇಗವನ್ನು ಊಹಿಸಿಕೊಂಡು, ಏರಿಳಿತಕ್ಕೆಂದು ಅರ್ಧ ಗಂಟೆ ಸೇರಿಸುತ್ತವೆ. ಆ ಸೂತ್ರವನ್ನು ಇಲ್ಲಿ ಅನ್ವಯಿಸಿದರೆ ಹಾರಾಟಕ್ಕೆ ಹನ್ನೆರಡು ಸೆಕೆಂಡು, ಏರಿಳಿತಕ್ಕೆ ಮೂವತ್ತು ನಿಮಿಷ ಎಂಬ ಉತ್ತರ ಬರುತ್ತದೆ. ಎರಡೂ ತಪ್ಪು. ಜೆಟ್ ವಿಮಾನಗಳಿಗಾಗಿ ಮಾಡಿದ ಸರಾಸರಿಯನ್ನು ಸಣ್ಣ ದ್ವೀಪಗಳ ನಡುವಿನ ಹಾರಾಟಕ್ಕೆ ಬಳಸಬಾರದು.

ವಿಮಾನಯಾನದಲ್ಲಿ ಎರಡು ಬಗೆಯ ಅವಧಿಗಳನ್ನು ಬೇರೆಬೇರೆಯಾಗಿ ಗಣಿಸುತ್ತಾರೆ. ಚಕ್ರಗಳು ನೆಲ ಬಿಟ್ಟ ಕ್ಷಣದಿಂದ ಮತ್ತೆ ನೆಲ ಮುಟ್ಟುವವರೆಗಿನದು ಹಾರಾಟದ ಅವಧಿ. ವಿಮಾನವು ನಿಂತ ಜಾಗದಿಂದ ಚಲಿಸಲು ಆರಂಭಿಸಿ ಇನ್ನೊಂದು ನಿಲ್ದಾಣದಲ್ಲಿ ಬಂದು ನಿಲ್ಲುವವರೆಗಿನದು ‘ಬ್ಲಾಕ್ ಟೈಮ್’. ವೇಳಾಪಟ್ಟಿಗಳಲ್ಲಿ ಮುದ್ರಿಸುವುದು ಎರಡನೆಯದನ್ನು. ಈ ಮಾರ್ಗದ ಎರಡು ನಿಮಿಷವೂ ಹಾಗೆಯೇ, ನೆಲದ ಮೇಲಿನ ಓಡಾಟವನ್ನು ಸೇರಿಸಿಕೊಂಡು ಹೇಳಿದ್ದು.

ಅತಿ ಕಡಿಮೆ ಅವಧಿಯ ದಾಖಲೆ 53 ಸೆಕೆಂಡುಗಳದು. ಅದನ್ನು ಸಾಧಿಸಿದವರು ಲೋಗನ್‌ಏರ್‌ನ ಕ್ಯಾಪ್ಟನ್ ಸ್ಟುವರ್ಟ್ ಲಿಂಕ್ಲೇಟರ್. 2013ರಲ್ಲಿ ನಿವೃತ್ತರಾಗುವ ಹೊತ್ತಿಗೆ ಅವರು ಈ ಮಾರ್ಗದಲ್ಲಿ ಹನ್ನೆರಡು ಸಾವಿರಕ್ಕೂ ಹೆಚ್ಚು ಬಾರಿ ಹಾರಿದ್ದರು. 53 ಸೆಕೆಂಡುಗಳಲ್ಲಿ 2.7 ಕಿ.ಮೀ. ಎಂದರೆ ಗಂಟೆಗೆ ಸುಮಾರು 183 ಕಿ.ಮೀ. ವೇಗವಾಗುತ್ತದೆ. ಹಗುರ ವಿಮಾನಗಳು ಗಾಳಿಗೆ ಎದುರಾಗಿ ಏರುವುದು, ಗಾಳಿಗೆ ಎದುರಾಗಿ ಇಳಿಯುವುದು ವಾಡಿಕೆ. ಗಾಳಿಯ ದಿಕ್ಕು ಮಾರ್ಗದ ದಿಕ್ಕಿಗೆ ಹೊಂದದಿದ್ದರೆ ಚಾಲಕನು ಆಕಾಶದಲ್ಲಿ ತಿರುವು ಹಾಕಿಕೊಂಡು ಬರಬೇಕಾಗುತ್ತದೆ. ಆಗ ಒಂದು ನಿಮಿಷದ ಹಾದಿ ಎರಡಾಗುತ್ತದೆ.

ಹಾರಾಟದ ಅವಧಿಯೇ ಪ್ರಯಾಣದ ಅವಧಿಯಲ್ಲ. ವೆಸ್ಟ್ರೇಯ ವಿಮಾನ ನಿಲ್ದಾಣವು ದ್ವೀಪದ ಉತ್ತರ ತುದಿಯ ಏಕರ್ನೆಸ್ ಎಂಬಲ್ಲಿದೆ. ದ್ವೀಪದ ಮುಖ್ಯ ಹಳ್ಳಿಯಾದ ಪೀರೊವಾಲ್‌ನಿಂದ ಅಲ್ಲಿಗೆ ರಸ್ತೆಯಲ್ಲಿ ಹೋಗಬೇಕು, ಕಾಯಬೇಕು, ಸಾಮಾನು ತೂಗಿಸಬೇಕು. ಇದೇ ಪೀರೊವಾಲ್‌ನಿಂದ ಪಾಪೇಗೆ ಪ್ರಯಾಣಿಕರ ದೋಣಿಯೂ ಇದೆ. ಅದಕ್ಕೆ ಬೇಕಾಗುವುದು ಸುಮಾರು 25 ನಿಮಿಷ. ಸಮುದ್ರ ಶಾಂತವಾಗಿರುವ ಬೇಸಿಗೆಯ ದಿನ ಮನೆಬಾಗಿಲಿನಿಂದ ಮನೆಬಾಗಿಲಿಗೆ ಲೆಕ್ಕ ಹಾಕಿದರೆ ವಿಮಾನದಿಂದ ಉಳಿಯುವ ಸಮಯ ಬಹಳವೇನಲ್ಲ. ಇದರ ನಿಜವಾದ ಪ್ರಯೋಜನ ಕರ್ಕ್‌ವಾಲ್‌ನಿಂದ ಬರುವವರಿಗೆ. ಕರ್ಕ್‌ವಾಲ್‌ನಿಂದ ವಿಮಾನದಲ್ಲಿ ಸುಮಾರು ಹದಿನೈದು ನಿಮಿಷಕ್ಕೆ ವೆಸ್ಟ್ರೇ, ಅಲ್ಲಿಂದ ಎರಡು ನಿಮಿಷಕ್ಕೆ ಪಾಪೇ. ಹಡಗಿನಲ್ಲಾದರೆ ವೆಸ್ಟ್ರೇಯ ದಕ್ಷಿಣ ತುದಿಯ ಬಂದರಿಗೇ ಸುಮಾರು ಒಂದೂವರೆ ಗಂಟೆ. ಆಮೇಲೆ ದ್ವೀಪದ ಉದ್ದಕ್ಕೂ ರಸ್ತೆಯಲ್ಲಿ ಸಾಗಿ ದೋಣಿ ಹಿಡಿಯಬೇಕು. ಬೆಳಿಗ್ಗೆ ಹೋಗಿ ಕೆಲಸ ಮುಗಿಸಿ ಸಂಜೆಗೆ ಮರಳುವ ವೈದ್ಯರಿಗೂ ಶಿಕ್ಷಕರಿಗೂ ಈ ವ್ಯತ್ಯಾಸ ಒಂದು ಕೆಲಸದ ದಿನದಷ್ಟೇ ದೊಡ್ಡದು.

ಬಳಕೆಯಲ್ಲಿರುವ ವಿಮಾನ

ಈ ಮಾರ್ಗದಲ್ಲಿ ಹಾರುವುದು ಬ್ರಿಟನ್-ನಾರ್ಮನ್ ಐಲ್ಯಾಂಡರ್ ಎಂಬ ಎರಡು ಎಂಜಿನುಗಳ ಪುಟ್ಟ ವಿಮಾನ. ಜಾನ್ ಬ್ರಿಟನ್ ಮತ್ತು ಡೆಸ್ಮಂಡ್ ನಾರ್ಮನ್ ಎಂಬಿಬ್ಬರು ಇಂಗ್ಲೆಂಡಿನ ಐಲ್ ಆಫ್ ವೈಟ್ ದ್ವೀಪದಲ್ಲಿ ಇದನ್ನು ರೂಪಿಸಿದರು. ಮೊದಲ ಹಾರಾಟ ನಡೆದದ್ದು 1965ರ ಜೂನ್ 13ರಂದು. ಹೆಸರೇ ಸೂಚಿಸುವಂತೆ ಇದು ದ್ವೀಪವಾಸಿಗಳ ವಿಮಾನ. ರೆಕ್ಕೆಗಳು ದೇಹದ ಮೇಲ್ಭಾಗದಲ್ಲಿವೆ. ಚಕ್ರಗಳು ಒಳಗೆ ಮಡಚಿಕೊಳ್ಳುವುದಿಲ್ಲ. ಮಡಚುವ ಚಕ್ರವಿದ್ದಿದ್ದರೂ ಈ ಮಾರ್ಗದಲ್ಲಿ ಅದನ್ನು ಮಡಚಿ ಮತ್ತೆ ಬಿಚ್ಚುವಷ್ಟು ವ್ಯವಧಾನ ಎಲ್ಲಿ! ಅತಿ ಕಡಿಮೆ ವೇಗದಲ್ಲೂ ಗಾಳಿಯಲ್ಲಿ ನಿಲ್ಲಬಲ್ಲದಾದ್ದರಿಂದ ಇದಕ್ಕೆ ಚಿಕ್ಕ ರನ್‌ವೇ ಸಾಕು.

ಒಬ್ಬನೇ ಚಾಲಕನಿದ್ದು, ಎಂಟು ಮಂದಿ ಪ್ರಯಾಣಿಕರಿಗೆ ಸ್ಥಳವಿದೆ. ಸಹಚಾಲಕ ಇರದ ಕಾರಣ ಪ್ರಯಾಣಿಕರಲ್ಲೊಬ್ಬರು ಚಾಲಕನ ಪಕ್ಕದಲ್ಲೇ ಕುಳಿತುಕೊಳ್ಳುತ್ತಾರೆ. ವಿಮಾನವು ಕೆಲವು ನೂರು ಅಡಿಗಳಿಗಿಂತ ಹೆಚ್ಚು ಎತ್ತರಕ್ಕೆ ಹೋಗುವುದಿಲ್ಲ. ಕೆಳಗಿನ ಹೊಲ, ಕಲ್ಲುಗೋಡೆ, ನೀರಿನ ನೊರೆ ಸ್ಪಷ್ಟವಾಗಿ ಕಾಣುತ್ತಿರುವಾಗಲೇ ಎದುರಿನ ರನ್‌ವೇ ಬಂದುಬಿಡುತ್ತದೆ.

ಎರಡೂ ನಿಲ್ದಾಣಗಳು ಓರ್ಕ್ನಿ ದ್ವೀಪಗಳ ಆಡಳಿತ ಮಂಡಳಿಗೆ ಸೇರಿವೆ. ಅತಿ ಉದ್ದನೆಯ ರನ್‌ವೇ ಅರ್ಧ ಕಿ.ಮೀ.ಗಿಂತ ಸ್ವಲ್ಪ ಹೆಚ್ಚು ಇದ್ದು, ಗಾಳಿಯ ದಿಕ್ಕಿಗೆ ತಕ್ಕಂತೆ ಬಳಸಲು ಬೇರೆಬೇರೆ ದಿಕ್ಕಿನ ಕಿರು ರನ್‌ವೇಗಳೂ ಇವೆ. ಗಾಜಿನ ಕಟ್ಟಡ, ಸಾಲುಸಾಲು ಅಂಗಡಿಗಳು ಇಲ್ಲಿಲ್ಲ.

ಇತಿಹಾಸ

ಓರ್ಕ್ನಿಯ ವಾಯುಸಂಚಾರದ ಚರಿತ್ರೆ ಲೋಗನ್‌ಏರ್‌ಗಿಂತ ಹಳೆಯದು. ಕ್ಯಾಪ್ಟನ್ ಎಡ್ಮಂಡ್ ಫ್ರೆಸನ್ ಎಂಬವರು 1933ರಲ್ಲಿ ಹೈಲ್ಯಾಂಡ್ ಏರ್‌ವೇಸ್ ಎಂಬ ಸಂಸ್ಥೆಯನ್ನು ಸ್ಥಾಪಿಸಿ ಇನ್ವರ್ನೆಸ್ ಮತ್ತು ಕರ್ಕ್‌ವಾಲ್ ನಡುವೆ ವಿಮಾನ ಸಂಚಾರ ಆರಂಭಿಸಿದರು. 1934ರ ಮೇ 29ರಂದು ಇದೇ ಎರಡು ಊರುಗಳ ನಡುವೆ ಅವರು ವಿಮಾನ ಅಂಚೆಯನ್ನು ಸಾಗಿಸಿದರು. ಬ್ರಿಟನ್ನಿನ ಒಳನಾಡಿನಲ್ಲಿ ನಿಯಮಿತವಾಗಿ ನಡೆದ ವಿಮಾನ ಅಂಚೆಗೆ ಅದು ನಾಂದಿ.

ಲೋಗನ್‌ಏರ್ ಸ್ಥಾಪನೆಯಾದದ್ದು 1962ರಲ್ಲಿ, ಲೋಗನ್ ಎಂಬ ಕಟ್ಟಡ ನಿರ್ಮಾಣ ಕಂಪನಿಯ ಅಂಗವಾಗಿ. 1967ರಲ್ಲಿ ಅದು ಕರ್ಕ್‌ವಾಲ್ ಕೇಂದ್ರದಿಂದ ಓರ್ಕ್ನಿಯ ಉತ್ತರದ ದ್ವೀಪಗಳಿಗೆ ಸೇವೆ ಆರಂಭಿಸಿತು. ಸ್ಟ್ರಾನ್ಸೇ, ಸ್ಯಾಂಡೇ, ಈಡೇ, ನಾರ್ತ್ ರೊನಾಲ್ಡ್‌ಸೇ ಮೊದಲಾದ ದ್ವೀಪಗಳೂ ಈ ಜಾಲಕ್ಕೆ ಸೇರಿವೆ. ಅನೇಕ ವರ್ಷಗಳ ಕಾಲ ಇದೇ ಬಗೆಯ ವಿಮಾನಗಳು ರೋಗಿಗಳನ್ನು ಆಸ್ಪತ್ರೆಗೆ ಸಾಗಿಸುವ ಕೆಲಸವನ್ನೂ ಮಾಡುತ್ತಿದ್ದವು.

ಇಂಥ ಮಾರ್ಗಗಳು ಟಿಕೆಟ್ ಹಣದಿಂದಲೇ ನಡೆಯಲಾರವು. ಆದ್ದರಿಂದ ಇವನ್ನು ‘ಸಾರ್ವಜನಿಕ ಸೇವಾ ಬಾಧ್ಯತೆ’ ಎಂಬ ಏರ್ಪಾಡಿನ ಅಡಿಯಲ್ಲಿ ನಡೆಸಲಾಗುತ್ತದೆ. ಆಡಳಿತ ಮಂಡಳಿಯು ಎಷ್ಟು ಹಾರಾಟಗಳು ಬೇಕು ಎಂಬುದನ್ನು ನಿಗದಿಪಡಿಸಿ ಟೆಂಡರ್ ಕರೆದು, ಗೆದ್ದ ಸಂಸ್ಥೆಗೆ ಸಹಾಯಧನ ನೀಡುತ್ತದೆ. ನಷ್ಟದ ಮಾರ್ಗವೆಂದು ಬಸ್ಸು ನಿಂತುಹೋದ ಹಳ್ಳಿಗಳನ್ನು ಬಲ್ಲ ಓದುಗರಿಗೆ ಈ ಏರ್ಪಾಡಿನ ಮಹತ್ತ್ವವನ್ನು ವಿವರಿಸಬೇಕಾಗಿಲ್ಲ.

ಪ್ರಯಾಣಿಕರು

ದ್ವೀಪದಿಂದ ದ್ವೀಪಕ್ಕೆ ತಿರುಗುತ್ತ ಪಾಠ ಹೇಳುವ ಶಿಕ್ಷಕರು, ವೈದ್ಯರು, ಪೊಲೀಸರು, ಬ್ಯಾಂಕ್ ಸಿಬ್ಬಂದಿ, ವಿದ್ಯಾರ್ಥಿಗಳು ಈ ವಿಮಾನದ ನಿತ್ಯದ ಪ್ರಯಾಣಿಕರು. ಪಾಪೇಯಲ್ಲಿ ಒಂದು ಪ್ರಾಥಮಿಕ ಶಾಲೆ ಇದೆ. ಕೆಲವೇ ಮಕ್ಕಳಿರುವ ಶಾಲೆಯಲ್ಲಿ ಸಂಗೀತಕ್ಕೊಬ್ಬರು, ಚಿತ್ರಕಲೆಗೊಬ್ಬರು, ವ್ಯಾಯಾಮಕ್ಕೊಬ್ಬರು ಎಂದು ಕಾಯಂ ಶಿಕ್ಷಕರನ್ನು ನೇಮಿಸುವುದು ಸಾಧ್ಯವಿಲ್ಲ. ಅಂಥವರು ಹಾರಿ ಬಂದು ಪಾಠ ಮಾಡಿ ಮುಂದಿನ ದ್ವೀಪಕ್ಕೆ ಹೋಗುತ್ತಾರೆ.

ಪಾಪೇಯ ಜನಸಂಖ್ಯೆ 2001ರ ಜನಗಣತಿಯಲ್ಲಿ 65ಕ್ಕೆ ಇಳಿದಿತ್ತು. 2011ರಲ್ಲಿ 90 ಆಯಿತು. ಇಪ್ಪತ್ತೈದು ಜನರ ಏರಿಕೆ ನಮಗೆ ಅತ್ಯಲ್ಪವೆನಿಸಬಹುದು. 65 ಜನರಿರುವ ಊರಿನಲ್ಲಿ ಎರಡು ಕುಟುಂಬಗಳು ಗುಳೆ ಹೋದರೆ ಶಾಲೆಯ ಬಾಗಿಲು ಮುಚ್ಚಬಹುದು. ಶಾಲೆ ಮುಚ್ಚಿದರೆ ಮಕ್ಕಳಿರುವ ಹೊಸ ಕುಟುಂಬ ಬರುವುದಿಲ್ಲ. ಓರ್ಕ್ನಿಯ ಹಲವು ಸಣ್ಣ ದ್ವೀಪಗಳು ಜನರಿಲ್ಲದೆ ಬರಿದಾದದ್ದು ಹೀಗೆಯೇ. ಏರಿಕೆಗೆ ವಿಮಾನವೊಂದೇ ಕಾರಣವೆಂದು ಹೇಳುವುದು ಸರಿಯಾಗದು. ಅಂಗಡಿಯನ್ನೂ ವಸತಿಗೃಹವನ್ನೂ ನಡೆಸುವ ದ್ವೀಪವಾಸಿಗಳ ಸಹಕಾರ ಸಂಘದ ಪಾತ್ರವೂ ಇದರಲ್ಲಿದೆ. ಆದರೂ ತುರ್ತಿಗೆ ಹೊರಹೋಗುವ ದಾರಿಯಿಲ್ಲದ ದ್ವೀಪದಲ್ಲಿ ಯಾರೂ ಮನೆ ಹೂಡುವುದಿಲ್ಲ.

ಪ್ರವಾಸಿಗರಲ್ಲಿ ಅನೇಕರು ಹಾರಾಟದ ಅನುಭವಕ್ಕಾಗಿಯೇ ಬರುತ್ತಾರೆ. ಅವರಿಗೆ ಪ್ರಯಾಣದ ನೆನಪಿಗಾಗಿ ಪ್ರಮಾಣಪತ್ರವೂ ದೊರೆಯುತ್ತದೆ. ಇಳಿದ ವಿಮಾನದಲ್ಲೇ ಹಿಂದಿರುಗುವವರು ಕಳೆದುಕೊಳ್ಳುವುದು ಬಹಳ. ಪಾಪೇಯಲ್ಲಿರುವ ನ್ಯಾಪ್ ಆಫ್ ಹೋವರ್ ಎಂಬ ನವಶಿಲಾಯುಗದ ಕಲ್ಲುಮನೆಗಳು ಕ್ರಿ.ಪೂ. 3700ರ ಸುಮಾರಿಗೆ ಸೇರಿದವು. ವಾಯವ್ಯ ಯೂರೋಪಿನಲ್ಲಿ ಇಂದಿಗೂ ನಿಂತಿರುವ ಅತಿ ಪ್ರಾಚೀನ ಮನೆಗಳಲ್ಲಿ ಇವು ಸೇರಿವೆ. ಗೋಡೆಗಳು, ಬಾಗಿಲಿನ ಚೌಕಟ್ಟು, ಕಲ್ಲಿನ ಗೂಡುಗಳು ಈಗಲೂ ಕಾಣುತ್ತವೆ. ವೆಸ್ಟ್ರೇಯ ಲಿಂಕ್ಸ್ ಆಫ್ ನೋಲ್ಟ್‌ಲ್ಯಾಂಡ್ ಉತ್ಖನನದಲ್ಲಿ 2009ರಲ್ಲಿ ದೊರೆತ ಪುಟ್ಟ ಕಲ್ಲಿನ ಆಕೃತಿಯು ಸ್ಕಾಟ್ಲೆಂಡಿನಲ್ಲಿ ಸಿಕ್ಕ ಮಾನವರೂಪಗಳಲ್ಲೇ ಹಳೆಯದೆಂದು ಪ್ರಸಿದ್ಧವಾಗಿದೆ. ಪುರಾತತ್ತ್ವದ ವಿದ್ಯಾರ್ಥಿಗಳೂ ಈ ಕಾರಣದಿಂದ ಇಲ್ಲಿಗೆ ಬರುತ್ತಾರೆ. ಪಾಪೇಯ ಉತ್ತರ ಭಾಗದ ಬಯಲು ಕಡಲಹಕ್ಕಿಗಳ ಸಂತಾನೋತ್ಪತ್ತಿಯ ನೆಲೆ. ಈಗ ಭೂಮಿಯಿಂದಲೇ ಅಳಿದುಹೋಗಿರುವ ಗ್ರೇಟ್ ಆಕ್ ಎಂಬ ಹಾರಲಾರದ ಹಕ್ಕಿಯು ಓರ್ಕ್ನಿಯಲ್ಲಿ ಕೊನೆಯದಾಗಿ 1813ರಲ್ಲಿ ಬಲಿಯಾದದ್ದು ಈ ದ್ವೀಪದಲ್ಲೇ.

ಹವಾಮಾನ

ಗಾಳಿಗಿಂತಲೂ ಹೆಚ್ಚು ತೊಂದರೆ ಕೊಡುವುದು ಮಂಜು. ಸಮುದ್ರದಿಂದ ಎದ್ದು ದ್ವೀಪವನ್ನು ಆವರಿಸುವ ಈ ಮಂಜಿಗೆ ಸ್ಥಳೀಯರು ‘ಹಾರ್’ ಎನ್ನುತ್ತಾರೆ. ಚಾಲಕನು ಕಣ್ಣಳತೆಯಲ್ಲಿ ಇಳಿಸಬೇಕಾದ ನಿಲ್ದಾಣಗಳಲ್ಲಿ ಮಂಜು ಕವಿದರೆ ಎರಡು ನಿಮಿಷದ ಪ್ರಯಾಣವು ಮರುದಿನಕ್ಕೆ ಮುಂದೂಡಲ್ಪಡಬಹುದು. ಡಿಸೆಂಬರಿನಲ್ಲಿ ಇಲ್ಲಿ ಹಗಲು ಆರು ಗಂಟೆ ಮಾತ್ರ. ಜೂನ್‌ನಲ್ಲಿ ಹದಿನೆಂಟು ಗಂಟೆಗಳವರೆಗೂ ಬೆಳಕಿರುತ್ತದೆ.

ಇತರ ಕಿರುಮಾರ್ಗಗಳು

ಎರಡು ದೇಶಗಳ ನಡುವಿನ ಅತಿ ಚಿಕ್ಕ ವಿಮಾನಯಾನವೆಂದು ಹೆಸರಾದದ್ದು ಸ್ವಿಟ್ಜರ್ಲೆಂಡಿನ ಸೇಂಟ್ ಗಾಲೆನ್-ಆಲ್ಟೆನ್‌ರೈನ್ ಮತ್ತು ಜರ್ಮನಿಯ ಫ್ರೀಡ್ರಿಕ್ಸ್‌ಹಾಫನ್ ನಡುವಿನ ಎಂಟು ನಿಮಿಷದ ಹಾರಾಟ. 2016ರ ನವೆಂಬರಿನಲ್ಲಿ ಆರಂಭವಾದ ಆ ಸೇವೆ 2017ರ ಏಪ್ರಿಲ್‌ನಲ್ಲಿ ನಿಂತಿತು. ಕಾನ್‌ಸ್ಟಾನ್ಸ್ ಸರೋವರವನ್ನು ಸುತ್ತುವ ಒಳ್ಳೆಯ ರಸ್ತೆಗಳಿರುವಾಗ ಇಂಧನವನ್ನು ಸುಡುವುದೇಕೆ ಎಂದು ಪರಿಸರವಾದಿಗಳು ಆಕ್ಷೇಪಿಸಿದ್ದರು. ಅದೇ ಆಕ್ಷೇಪವನ್ನು ಓರ್ಕ್ನಿಯ ಮಾರ್ಗಕ್ಕೆ ಅನ್ವಯಿಸುವುದು ಕಷ್ಟ, ಏಕೆಂದರೆ ಪಾಪೇಗೆ ರಸ್ತೆಯೇ ಇಲ್ಲ.

ಮುಂದಿನ ವಿಮಾನಗಳು

ಇಂಧನದ ಪ್ರಶ್ನೆ ಮಾತ್ರ ಇಲ್ಲಿಯೂ ಇದೆ. ಕಿರು ಅಂತರದ ಹಾರಾಟಗಳಿಗೆ ವಿದ್ಯುತ್ ಚಾಲಿತ ವಿಮಾನಗಳು ಸೂಕ್ತವಾಗಬಹುದೆಂಬ ನಿರೀಕ್ಷೆ ತಜ್ಞರಲ್ಲಿದೆ. ಬ್ಯಾಟರಿಯ ಭಾರ ಹೆಚ್ಚು, ಅದರಿಂದ ಹಾರಬಹುದಾದ ದೂರ ಕಡಿಮೆ; ಆದರೆ ಓರ್ಕ್ನಿಯ ದ್ವೀಪಗಳ ನಡುವಿನ ದೂರವೂ ಕಡಿಮೆಯೇ. ಇಂಗ್ಲೆಂಡಿನ ಕ್ರ್ಯಾನ್‌ಫೀಲ್ಡ್ ಏರೋಸ್ಪೇಸ್ ಸಂಸ್ಥೆಯು ಐಲ್ಯಾಂಡರ್ ವಿಮಾನಕ್ಕೆ ಹೊಸ ಚಾಲನಾವ್ಯವಸ್ಥೆಯನ್ನು ಅಳವಡಿಸುವ ಯೋಜನೆಯನ್ನು 2019ರಲ್ಲಿ ಕೈಗೆತ್ತಿಕೊಂಡಿತು. ಮೊದಲು ಬ್ಯಾಟರಿಯನ್ನು ಆಧರಿಸಿದ್ದ ವಿನ್ಯಾಸವನ್ನು 2021ರಲ್ಲಿ ಬದಲಿಸಿ ಜಲಜನಕ ಇಂಧನಕೋಶದ ಕಡೆಗೆ ತಿರುಗಿಸಲಾಯಿತು. ಯೋಜನೆಗೆ ಇಟ್ಟ ಹೆಸರು ‘ಪ್ರಾಜೆಕ್ಟ್ ಫ್ರೆಸನ್’. ಓರ್ಕ್ನಿಗೆ ವಿಮಾನ ಅಂಚೆ ತಂದ ಕ್ಯಾಪ್ಟನ್ನರ ಸ್ಮರಣಾರ್ಥ ಇಟ್ಟ ಹೆಸರದು.